ಹಳೆ ಮದ್ದಳೆಯ ನಾದ ಕಂಪ್ಯೂಟರಿಗೆ ಬರಬೇಕೇ?

ಉಡುಪಿ, ಮಂಗಳೂರು ಕಡೆಯ ಹಳೆ ಮನೆಗಳಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ಮದ್ದಳೆ, ಚೆಂಡೆಗಳಿವೆ. ಅವುಗಳ ಕಂಪನವನ್ನು ಅಳೆದು, ಆ ಲೆಕ್ಕದಿಂದ ಕಂಪ್ಯೂಟರಿನಲ್ಲಿ ನಾದವನ್ನು ಮತ್ತೆ ಹುಟ್ಟಿಸುವುದು ಬೇಕೇ, ಬೇಡವೇ?

ಪರ: ಈಗಲೇ ಅಳೆದಿಡಿ

ಯಕ್ಷಗಾನದಲ್ಲಿ ಒಂದು ಕಾಲಕ್ಕೆ ಪದ ಹಾಡುವ ಭಾಗವತರಿಗೆ ಶ್ರುತಿ ಕೊಡುತ್ತಿದ್ದದ್ದು ಪುಂಗಿ. ಸೋರೆಬುರುಡೆಯ ವಾದ್ಯ. ಆಮೇಲೆ ಹಾರ್ಮೋನಿಯಂ ಬಂತು. ಈಗ ಬಟನ್ ಒತ್ತಿದರೆ ಸಾಕು, ಶ್ರುತಿಪೆಟ್ಟಿಗೆ ತಾನೇ ಹಾಡುತ್ತದೆ. ಪುಂಗಿಯ ಶ್ರುತಿಗೆ ಪದ ಹೇಳಿದರೆ ಹೇಗಿರುತ್ತಿತ್ತು ಅಂತ ಇವತ್ತು ಭಾಗವತಿಕೆ ಕಲಿಯುವ ಹುಡುಗರನ್ನು ಕೇಳಿ. ಹೇಳಲು ಅವರಿಗೆ ಆಗುವುದಿಲ್ಲ. ಆ ನಾದ ಅವರ ಕಿವಿಗೆ ಬೀಳುವ ದಾರಿಯನ್ನೇ ನಾವು ಉಳಿಸಲಿಲ್ಲ. ಮದ್ದಳೆಯ ವಿಷಯದಲ್ಲೂ ಹಾಗೆಯೇ ಆಗಬೇಕೇ?

ಅಳತೆ ಅಂದರೆ ಸುಮ್ನೆ ರೆಕಾರ್ಡಿಂಗ್ ಮಾಡುವುದಲ್ಲ. ಒಂದು ಪುಟ್ಟ ಸುತ್ತಿಗೆ ಇರುತ್ತದೆ, ಅದರ ತುದಿಯಲ್ಲಿ ಪೆಟ್ಟಿನ ಬಲ ಅಳೆಯುವ ಸೆನ್ಸರ್. ಅದರಿಂದ ವಾದ್ಯದ ಮೈಯನ್ನು ಮೆಲ್ಲಗೆ ತಟ್ಟುತ್ತಾರೆ. ಯಾವ ಕಂಪನ ಎಷ್ಟು ಜೋರಾಗಿ ಎದ್ದಿತು, ಎಷ್ಟು ಬೇಗ ಇಳಿಯಿತು ಎನ್ನುವುದನ್ನು ಮೈಕ್ ಹಿಡಿಯುತ್ತದೆ. ಚರ್ಮದ ಅಲುಗಾಟವನ್ನು ಮುಟ್ಟದೆಯೇ ಲೇಸರ್ ಬೆಳಕಿನಿಂದ ಓದಬಹುದು. ಒಳಗಿನ ಆಕಾರಕ್ಕೆ ಸಿ.ಟಿ. ಸ್ಕ್ಯಾನ್ ಇದೆ. ಇಷ್ಟು ಲೆಕ್ಕ ಕೈಯಲ್ಲಿದ್ದರೆ, ಹೊಸ ಪೆಟ್ಟೊಂದು ಬಿದ್ದಾಗ ಆ ವಾದ್ಯ ಹೇಗೆ ನುಡಿಯುತ್ತದೆ ಎಂದು ಕಂಪ್ಯೂಟರ್ ಕೇಳಿಸುತ್ತದೆ.

ಇಟಲಿಯ ಕ್ರೆಮೋನಾದಲ್ಲಿ 2019ರ ಜನವರಿಯಲ್ಲಿ ಹಳೆ ವಾದ್ಯಗಳ ನಾದ ಉಳಿಸಲು ಊರೇ ದನಿ ತಗ್ಗಿಸಿತು. ವಯೊಲಿನ್ ತಯಾರಿಕೆಗೆ ಹೆಸರಾದ ಸ್ಟ್ರಾಡಿವರಿ, ಅಮಾಟಿ, ಗ್ವಾರ್ನೇರಿ ಮನೆತನಗಳ ನಾಲ್ಕು ವಾದ್ಯಗಳ ಒಂದೊಂದು ಸ್ವರವನ್ನೂ 32 ಮೈಕ್ ಇಟ್ಟು ಹಿಡಿದರು. ವಾಹನಗಳ ಸದ್ದು ಒಳಗೆ ಬರಬಾರದೆಂದು ಮೇಯರ್ ಸುತ್ತಲಿನ ಬೀದಿಗಳನ್ನೇ ಮುಚ್ಚಿಸಿದರು. ಆ ವಾದ್ಯಗಳನ್ನು ಇನ್ನೂ ನುಡಿಸಬಹುದಿತ್ತು. ನಮ್ಮ ಅಟ್ಟದ ಮದ್ದಳೆಗೆ ಪೆಟ್ಟು ಹಾಕಿದರೆ ಚರ್ಮವೇ ಹರಿದೀತು. ಹಾಗಾಗಿ ನಮಗೆ ಮೆಲ್ಲಗೆ ತಟ್ಟಿ ಅಳೆಯುವ ದಾರಿಯೇ ಸರಿ.

ಚರ್ಮವಾದ್ಯವನ್ನು ವಿಜ್ಞಾನದ ಕಣ್ಣಿಂದ ನೋಡುವುದು ನಮಗೆ ಹೊಸತೂ ಅಲ್ಲ. ಮೃದಂಗದ ಕರಣೆಗೆ, ಅಂದರೆ ಚರ್ಮದ ನಡುವಿನ ಕಪ್ಪು ಲೇಪಕ್ಕೆ, ಎಂಥ ಶಕ್ತಿಯಿದೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದರು. ಬರೀ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಕರಣೆಯ ಭಾರ ಕೂತಾಗ ಒಂಬತ್ತು ಬಗೆಯ ಕಂಪನಗಳು ಕೂಡಿ ಐದು ಸ್ವರಗಳ ಸಾಲಾಗುತ್ತವೆ ಎಂದು 1934ರಲ್ಲಿ ವಿವರಿಸಿದರು. ನಮ್ಮ ಹಿರಿಯರು ಕಿವಿಯಿಂದಲೇ ಕಂಡುಕೊಂಡದ್ದು ಇದು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮಣಿಪಾಲ, ಸುರತ್ಕಲ್ಲುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. ಇವರೆಲ್ಲ ಒಟ್ಟಿಗೆ ಕೂತರೆ ಆಗುವ ಕೆಲಸ ಅಲ್ವಾ? ಜೂನ್ ಬಂದರೆ ಚರ್ಮಕ್ಕೆ ಬೂಷ್ಟು, ಮರಕ್ಕೆ ಗೆದ್ದಲು. ಮುಂದಿನ ಮಳೆಗಾಲ ಕಾಯುವುದಿಲ್ಲ.

ವಿರೋಧ: ಅಳೆಯುವುದು ಏನನ್ನು?

ಮದ್ದಳೆಯನ್ನು ವಯೊಲಿನ್ ಜತೆ ಹೋಲಿಸುವುದರಲ್ಲೇ ತೊಂದರೆ ಇದೆ. ವಯೊಲಿನ್ನಿನ ಮರ 300 ವರ್ಷ ಆದರೂ ಅದೇ ಮರ. ಮದ್ದಳೆಯಲ್ಲಿ ನಾದ ಹುಟ್ಟುವುದು ಮುಚ್ಚಿಗೆಯಲ್ಲಿ, ಅಂದರೆ ಬಾಯಿಗೆ ಬಿಗಿದ ಚರ್ಮದಲ್ಲಿ. ಮುಚ್ಚಿಗೆ ಬದಲಾಗುತ್ತಲೇ ಇರುತ್ತದೆ. ಅಟ್ಟದ ಮೇಲಿರುವುದು ಒಣಗಿ ಸೆಟೆದ ಚರ್ಮ. ಅದನ್ನು ತಟ್ಟಿ ಅಳೆದರೆ ಸಿಗುವುದು ಇವತ್ತಿನ ಆ ಒಣ ಚರ್ಮದ ಸದ್ದು. ಅಜ್ಜನ ಕಾಲದ ಯಕ್ಷಗಾನ ಆಟದಲ್ಲಿ ಕೇಳಿದ್ದು ಅದಲ್ಲ.

ಆಟ ಶುರುವಾಗುವ ಮೊದಲು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಎಡಮುಚ್ಚಿಗೆಗೆ ಬೋನ ಎನ್ನುವ ಲೇಪ ಹಾಕುವುದನ್ನು ನೋಡಿ. ಸ್ವಲ್ಪ ಹಚ್ಚುತ್ತಾರೆ. ತಟ್ಟುತ್ತಾರೆ. ತಲೆ ವಾಲಿಸಿ ಕಿವಿ ಕೊಡುತ್ತಾರೆ. ಉಗುರಿನಷ್ಟು ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಬೆಳಗಿನ ಜಾವ ಇಬ್ಬನಿಗೆ ಚರ್ಮ ಸಡಿಲಾದರೆ ಶ್ರುತಿ ಮತ್ತೆ ನೋಡಬೇಕು. ಒಂದೇ ಜಾಗಕ್ಕೆ ಪೆಟ್ಟು ಬಿದ್ದರೂ ಬೆರಳು ಎತ್ತಿದರೆ ಒಂದು ನಾದ, ಒತ್ತಿ ಹಿಡಿದರೆ ಇನ್ನೊಂದು. ಸುತ್ತಿಗೆ ಎಷ್ಟೇ ಸೂಕ್ಷ್ಮವಾಗಿರಲಿ, ಈ ಬೆರಳಿನ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ಪುಂಗಿಯದ್ದು ಇನ್ನೂ ಕಷ್ಟ. ಬುರುಡೆಯನ್ನು ಅಳೆಯಬಹುದು, ಸರಿ. ಆದರೆ ಸದ್ದು ಏಳುವುದು ಉಸಿರಿಗೆ ನಡುಗುವ ತೆಳ್ಳನೆಯ ಎಸಳಿನಿಂದ. ಎಸಳು ಹೋಗಿದ್ದರೆ ಉಳಿದದ್ದೆಲ್ಲ ಊಹೆ. ಅದಕ್ಕೆ "ಹಳೆ ಪುಂಗಿ" ಅಂತ ಹೆಸರಿಟ್ಟು ಮೊಬೈಲಿಗೆ ಹಾಕಿದರೆ, ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಗೊತ್ತಿಲ್ಲ ಎನ್ನುವುದಕ್ಕಿಂತ ಇದು ಜಾಸ್ತಿ ಅಪಾಯ.

ನನಗೆ ನಿಜವಾಗಿ ಹೆದರಿಕೆ ಇರುವುದು ತೆಂಬರೆಯ ಬಗ್ಗೆ. ತುಳುವಿನ ಕಥನ ಹಾಡುಗಳಾದ ಪಾಡ್ದನಕ್ಕೆ, ದೈವದ ಕೆಲಸಕ್ಕೆ ನುಡಿಯುವ ಚರ್ಮವಾದ್ಯ ಅದು. ಇಂದು ಅಳೆದಿಟ್ಟ ನಾದ ನಾಳೆ ಯಾವುದೋ ಮದುವೆ ಹಾಲಿನ ಡಿಜೆ ಕೈಯಲ್ಲಿರುತ್ತದೆ. ದೈವದ ವೇಷವನ್ನು ವೇದಿಕೆಗೆ ತಂದರೆ ತುಳುನಾಡಿನವರ ಮನಸ್ಸಿಗೆ ಎಷ್ಟು ನೋವಾಗುತ್ತದೆ ಎಂದು ನಾವು ಕಂಡಿದ್ದೇವೆ. ತಲೆಮಾರುಗಳಿಂದ ಅದನ್ನು ನುಡಿಸುತ್ತ ಬಂದ ಮನೆಯವರು ಒಪ್ಪದಿದ್ದರೆ ಮೈಕ್ ಆನ್ ಮಾಡಲೇಬಾರದು. ಪರವಾಗಿ ಬರೆದವರು ಈ ಮಾತನ್ನೇ ಎತ್ತಿಲ್ಲ.

ಶ್ರುತಿಪೆಟ್ಟಿಗೆಯ ಕಥೆಯನ್ನು ಅವರೇ ಹೇಳಿದರು. ಬಟನ್ ಬಂದ ಮೇಲೆ ಹಾರ್ಮೋನಿಯಂ ಹಿಡಿದು ಕೂರುವವರು ಬೇಡವಾದರು. ಕಂಪ್ಯೂಟರ್ ಮದ್ದಳೆ ಬಂದರೆ ಮುಚ್ಚಿಗೆ ಕಟ್ಟುವವರಿಗೂ ಅದೇ ಗತಿ. ಯಾವ ಚರ್ಮ ಆರಿಸಬೇಕು, ಕರಣೆಯನ್ನು ಪದರ ಪದರವಾಗಿ ಎಷ್ಟು ಹೊತ್ತು ಉಜ್ಜಬೇಕು ಎನ್ನುವುದು ಅವರ ಕೈಗೆ ಗೊತ್ತು. ಹಣ ಇದ್ದರೆ ಅದು ಮೊದಲು ಅವರ ಮನೆಗೆ ಹೋಗಲಿ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೀಪಾವಳಿ ಹೊತ್ತಿಗೆ ಮತ್ತೆ ಹೊರಡುತ್ತವೆ. ನಡುವಿನ ಅಷ್ಟೂ ತಿಂಗಳು ಇಬ್ಬರು ಹುಡುಗರಿಗೆ ಸಂಬಳ ಕೊಟ್ಟು, ಮುಚ್ಚಿಗೆ ಕಟ್ಟುವುದನ್ನು ಆ ಕಸುಬಿನವರ ಕೈಕೆಳಗೆ ಕಲಿಸಿ. ಕಲಿಸುವವರಿಗೂ ಸಂಬಳ ಕೊಡಿ.