ಮೂರು ಹೆರಿ, ಒಳಪಂಗಡ ಮಾತ್ರ ಬಿಡಬೇಡಿ

ಹೆಚ್ಚು ಮಕ್ಕಳನ್ನು ಹೆರಬೇಕೆಂಬ ಕರೆ 2024ರಲ್ಲಿ ಆಂಧ್ರದ ಮುಖ್ಯಮಂತ್ರಿಗಳಿಂದಲೂ ನಾಗಪುರದ ಆರೆಸ್ಸೆಸ್ ಮುಖ್ಯಸ್ಥರಿಂದಲೂ ಹೊರಟಿತ್ತು. ಅದೀಗ ಹುಬ್ಬಳ್ಳಿಯ ಕಲ್ಯಾಣಮಂಟಪಗಳಿಗೂ ಬಂದು ತಲುಪಿದೆ. ವಧು-ವರರ ಸಮಾವೇಶದ ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತ ಮುಖಂಡರು, "ನಮ್ಮ ಸಮಾಜ ಕರಗುತ್ತಿದೆ, ಕನಿಷ್ಠ ಮೂರು ಮಕ್ಕಳಿರಲಿ" ಎಂದು ಕರೆ ಕೊಡುತ್ತಾರೆ. ಈ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು, ಏಕೆಂದರೆ ಕೆಳಗೆ ಬಯೋಡಾಟಾ ಹಿಡಿದು ಸಾಲುಗಟ್ಟಿ ನಿಂತ, ಎರೆಹೊಲವಿದ್ದರೂ ನೌಕರಿಯಿಲ್ಲದ ವರಗಳಿಗೆ ಮೂರು ಮಕ್ಕಳಿರಲಿ, ಒಬ್ಬ ಹೆಂಡತಿಯೂ ಇನ್ನೂ ಸಿಕ್ಕಿಲ್ಲ.

ಸಿಗುವುದಾದರೂ ಹೇಗೆ? ಒಳಪಂಗಡ ಒಂದೇ ಇರಬೇಕು, ಬೆಡಗು, ಅಂದರೆ ಗೋತ್ರ, ಬೇರೆಯಿರಬೇಕು, ಜಾತಕ ಕೂಡಬೇಕು, ಇಷ್ಟೆಲ್ಲ ಕೂಡಿದ ಮೇಲೆ ಹುಡುಗಿ ಹುಟ್ಟಿಯೂ ಇರಬೇಕು. ಹೆಣ್ಣುಭ್ರೂಣವೆಂದು ತಿಳಿದು ತೆಗೆಸಿದವರು ಯಾವುದೋ ಪರದೇಶದವರಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಬಂದದ್ದು ನಮ್ಮಂಥವರಿಗಾಗಿಯೇ.

ಬೇಲಿ ಕಟ್ಟಿಕೊಂಡು ಬೆಳೆಯುವುದು ಎಷ್ಟು ಕಷ್ಟವೆಂಬುದನ್ನು ಪಾರ್ಸಿಗಳನ್ನು ಕೇಳಬಹುದು. 2011ರ ಜನಗಣತಿಯಲ್ಲಿ ಅವರಿದ್ದದ್ದು 57,264 ಮಂದಿ. ಅವರ ಸಂತಾನ ವೃದ್ಧಿಗೆಂದು ಕೇಂದ್ರ ಸರ್ಕಾರವೇ 2013ರಲ್ಲಿ 'ಜಿಯೋ ಪಾರ್ಸಿ' ಎಂಬ ಯೋಜನೆಯನ್ನು ತಂದಿತು. ಹಾಗೆಂದು ಮದುವೆಗೊಂದು ನಿಗಮ, ಹೆರಿಗೆಗೊಂದು ಅನುದಾನವೆಂದು ನಮ್ಮ ಮುಖಂಡರಿಗೆ ಆಸೆ ಹುಟ್ಟಿಸುವ ಉದ್ದೇಶ ನನಗಿಲ್ಲ.

"ಅವರು ಹೆರುತ್ತಾರೆ, ನಾವು ಹೆರುವುದಿಲ್ಲ" ಎಂಬ ಮಾತಿಲ್ಲದೆ ಇಂಥ ಭಾಷಣ ಮುಗಿಯುವುದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸ್ಲಿಂ ಮಹಿಳೆಗೆ ಸರಾಸರಿ 4.4, ಹಿಂದೂ ಮಹಿಳೆಗೆ 3.3 ಮಕ್ಕಳಿದ್ದವು, 2019-21ರ ಹೊತ್ತಿಗೆ ಆ ಅಂಕಿಗಳು 2.4 ಮತ್ತು 1.9ಕ್ಕೆ ಇಳಿದವು. ಕರ್ನಾಟಕದ ಒಟ್ಟು ಸರಾಸರಿ 1.7, ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಶಾಲೆ ಕಲಿತ ಹುಡುಗಿ ಯಾವ ದೇವರಿಗೆ ಕೈಮುಗಿದರೂ ಕಡಿಮೆಯೇ ಹೆರುತ್ತಾಳೆ. ಅವಳ ಕೈಗೆ ಮೈಕು ಕೊಟ್ಟ ಸಮಾವೇಶವನ್ನು ನಾನಂತೂ ಕಂಡಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣವೇ ಹೊತ್ತಿ ಉರಿಯಿತೆಂದು ಇದೇ ವೇದಿಕೆಗಳಲ್ಲಿ ಗದ್ಗದಿತರಾಗಿ ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಜಾತಿ ಮೀರಿ ಮದುವೆಯಾಗಿ ಊರಿಗೆ ಮರಳಿದ್ದ ದಂಪತಿಯನ್ನು 2019ರಲ್ಲಿ ಗದಗ ಜಿಲ್ಲೆಯಲ್ಲೇ ಕೊಂದರು. ವ್ಯಂಗ್ಯ ಮಾಡಿ ಸಾಕಾಗಿದೆ. ಸಂಖ್ಯೆ ಕರಗುತ್ತಿದೆಯೆಂದು ಅಳುವವರೇ, ಬದುಕಿದ್ದವರನ್ನು ನೀವು ಬದುಕಲು ಬಿಡಲಿಲ್ಲ; ಇನ್ನು ಹುಟ್ಟದವರನ್ನು ಯಾವ ಮುಖವಿಟ್ಟುಕೊಂಡು ಕರೆಯುತ್ತೀರಿ?