ಎದೆ ನೆಲಕ್ಕೆ ತಾಗಲಿಲ್ಲ

36 ವರ್ಷ ಬ್ಯಾಂಕಿನ ಶಾಖೆಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದ ನನಗೆ, ಮೊನ್ನೆ ಭಾನುವಾರ, ಮುಂಬಯಿಯ ಲೋವರ್ ಪರೇಲಿನ ಹಳೆಯ ಬಟ್ಟೆ ಗಿರಣಿಯೊಂದರ ಆವರಣದಲ್ಲಿರುವ ಜಿಮ್ಮಿನವರು ತಮ್ಮ ಕಸರತ್ತಿನ ಸ್ಪರ್ಧೆಗೆ ತೀರ್ಪುಗಾರನ ಪಟ್ಟ ಕಟ್ಟಿದರು. ಮೈಕಟ್ಟು ನೋಡಿ ಕೊಟ್ಟ ಪಟ್ಟವಲ್ಲ ಇದು. ಮುಲುಂಡಿನ ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟ ದಿನ ನಾನು ಎರಡನೆಯ ಮಹಡಿಯ ನೆರೆಯವರಲ್ಲಿ ಕುಳಿತು, ಚಹಾ ಕುಡಿದು, ಅವರ ಮಗಳ ಮದುವೆಯ ಮಾತುಕತೆ ಎಲ್ಲಿಗೆ ಬಂತೆಂದು ವಿಚಾರಿಸಿಕೊಂಡು ಆಮೇಲೆ ಮೇಲೇರುವವನು. ಆದರೆ ಆ ಜಿಮ್ಮಿನ ಸದಸ್ಯನಾದ ನನ್ನ ಸೋದರಳಿಯ, ‘ಮಾವ, ಅಲ್ಲಿ ಎಣಿಸುವವರು ಬೇಕಾಗಿದ್ದಾರೆ, ನಿಮಗೆ ಎಣಿಸುವುದು ಬರುತ್ತದಲ್ಲ’ ಎಂದ. ಆ ಮಾತನ್ನು ನಿರಾಕರಿಸುವುದು ನನ್ನ ಇಡೀ ವೃತ್ತಿಜೀವನವನ್ನೇ ನಿರಾಕರಿಸಿದಂತಾಗುತ್ತಿತ್ತು.

ಈ ಬಗೆಯ ಸ್ಪರ್ಧೆಗಳ ದೊಡ್ಡಣ್ಣನ ಹೆಸರು ಹೈರಾಕ್ಸ್. 2017ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಅದು 2025ರ ಮೇ ತಿಂಗಳಲ್ಲಿ ಮುಂಬಯಿಗೂ ಬಂತು. ಒಂದು ಕಿಲೋಮೀಟರ್ ಓಡಬೇಕು, ಒಂದು ಕಷ್ಟ ಅನುಭವಿಸಬೇಕು, ಮತ್ತೆ ಒಂದು ಕಿಲೋಮೀಟರ್ ಓಡಬೇಕು; ಹೀಗೆ ಎಂಟು ಓಟ, ಎಂಟು ಕಷ್ಟ. ಆಮೇಲೆ ನಮ್ಮ ಗಲ್ಲಿಗಲ್ಲಿಯ ಜಿಮ್ಮುಗಳಿಗೂ ತಮ್ಮದೇ ಒಂದು ಪುಟ್ಟ ಅವತಾರ ಬೇಕೆನಿಸಿದ್ದು ಸಹಜ. ನಮ್ಮವರು ಓಟ, ದೋಣಿಯಿಲ್ಲದೆ ಹುಟ್ಟು ಹಾಕುವುದು, ತೂಕ ಹೇರಿದ ಸ್ಲೆಡ್ ಎಂಬ ಜಾರುಬಂಡಿಯನ್ನು ದೂಡುವುದು, ಎರಡು ಕೈಯಲ್ಲಿ ಭಾರ ಹಿಡಿದು ನಡೆಯುವುದು, ಬರ್ಪಿ ಮತ್ತು ಭಾರದ ಚೆಂಡನ್ನು ಗೋಡೆಗೆಸೆಯುವ ವಾಲ್ ಬಾಲ್ ಎಂಬ ಆರು ಪಂದ್ಯಗಳಿಗೆ ಇಳಿಸಿಕೊಂಡಿದ್ದರು. ಪ್ರವೇಶ ಶುಲ್ಕವನ್ನು ಮಾತ್ರ ಇಳಿಸಿರಲಿಲ್ಲ. ಅದು ನಮ್ಮ ಮನೆಯ ತಿಂಗಳ ಹಾಲಿನ ಲೆಕ್ಕವನ್ನು ಸಲೀಸಾಗಿ ದಾಟಿತ್ತು.

ಶುಲ್ಕದ ಜೊತೆಗೆ ಒಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕಿತ್ತು. ಸ್ಪರ್ಧಿಯ ಕಾಲು ಉಳುಕಿದರೆ, ಬೆನ್ನು ಹಿಡಿದುಕೊಂಡರೆ, ಪ್ರಾಣವೇ ಹೋದರೂ ಜಿಮ್ಮಿಗೆ ಸಂಬಂಧವಿಲ್ಲವೆಂದು ಅದರಲ್ಲಿ ನಾಲ್ಕು ಪುಟಗಳಷ್ಟು ಬರೆದಿತ್ತು. ಸಾಲ ಕೊಡುವಾಗ ಬ್ಯಾಂಕು ಬರೆಸಿಕೊಳ್ಳುವ ಕಾಗದವನ್ನು ಮೀರಿಸುವ ಕಾಗದವೊಂದನ್ನು ನಾನು ಕಂಡದ್ದು ಅದೇ ಮೊದಲು. ಅದಕ್ಕೆ ಎಲ್ಲರೂ ಓದದೆ ಸಹಿ ಹಾಕಿದರು. ಸಾಲಕ್ಕೂ ಹಾಗೆಯೇ ಹಾಕುತ್ತಾರೆ, ಇರಲಿ.

ಬೆಳಗ್ಗೆ ಏಳಕ್ಕೆ ಭೋಂಗಾ ಮೊಳಗಿತು. ನನ್ನ ಎದೆ ಝಲ್ಲೆಂದಿತು. ಬಟ್ಟೆ ಗಿರಣಿಗಳೇ ತುಂಬಿದ್ದ ಈ ಗಿರಣಗಾಂವಿನಲ್ಲಿ ಒಂದು ಕಾಲಕ್ಕೆ ಭೋಂಗಾ ಎಂದರೆ ಗಿರಣಿಯ ಪಾಳಿ ಶುರುವಾಗುವ ಕೂಗು. ಅದನ್ನು ಕೇಳಿ ಚಾಳುಗಳಿಂದ ಜನ ಓಡೋಡಿ ಬರುತ್ತಿದ್ದರು, ತಡವಾದರೆ ಕೂಲಿಗೆ ಕತ್ತರಿ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಆ ಕೂಗುಗಳು ಒಂದೊಂದಾಗಿ ನಿಂತವು, ಗಿರಣಿಯ ಜಾಗದಲ್ಲಿ ಮಾಲು, ಆಫೀಸು, ಮದ್ಯದಂಗಡಿಗಳು ಎದ್ದವು. ಈಗ ಅದೇ ಸೂರಿನಡಿ ಮತ್ತೆ ಭೋಂಗಾ ಕೂಗುತ್ತದೆ, ಜನ ಮತ್ತೆ ಓಡುತ್ತಾರೆ, ಮತ್ತೆ ಬೆವರು ನೆಲಕ್ಕೆ ಸುರಿಯುತ್ತದೆ. ವ್ಯತ್ಯಾಸವೆಂದರೆ ಈ ಪಾಳಿಗೆ ಬರುವವನೇ ಮಾಲೀಕನಿಗೆ ಕೂಲಿ ಕೊಡುತ್ತಾನೆ, ಸಂಜೆಗೆ ಒಂದು ಗಜ ಬಟ್ಟೆಯೂ ತಯಾರಾಗಿರುವುದಿಲ್ಲ. ಇಷ್ಟು ಸುಸೂತ್ರವಾದ ಉದ್ಯಮ ಆ ಗಿರಣಿ ಮಾಲೀಕರಿಗೇ ಹೊಳೆದಿದ್ದರೆ ಮುಷ್ಕರದ ಪ್ರಶ್ನೆಯೇ ಏಳುತ್ತಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಬರ್ಪಿ. ನಿಂತವನು ಕುಕ್ಕರಿಸಿ, ಕೈಯೂರಿ, ಕಾಲನ್ನು ಹಿಂದಕ್ಕೆಸೆದು, ದೀರ್ಘದಂಡ ನಮಸ್ಕಾರಕ್ಕೆ ಬಿದ್ದವನಂತೆ ಎದೆಯನ್ನು ನೆಲಕ್ಕೆ ತಾಗಿಸಿ, ದೇವರು ಕಾಣಿಸದ್ದಕ್ಕೆ ಸಿಟ್ಟಾದವನಂತೆ ಚಂಗನೆ ಎದ್ದು ಹಾರಬೇಕು. ಇದರ ಮೂಲಪುರುಷ ರಾಯಲ್ ಬರ್ಪಿ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ. 1930ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಆತ, ಸಾಮಾನ್ಯ ಮನುಷ್ಯನ ಹೃದಯ ಎಷ್ಟು ಗಟ್ಟಿಯಿದೆಯೆಂದು ತಿಳಿಯಲು ಈ ಪರೀಕ್ಷೆಯನ್ನು ರೂಪಿಸಿದ. ಅವನ ಪರೀಕ್ಷೆಯಲ್ಲಿ ಹಾರಾಟವಿರಲಿಲ್ಲ, ಎದೆ ನೆಲಕ್ಕೆ ತಾಗಬೇಕೆಂಬ ಹಟವೂ ಇರಲಿಲ್ಲ. ನಾಲ್ಕೇ ನಾಲ್ಕು ಸಲ ಮಾಡಿಸಿ, ಮೊದಲಿನ ಮತ್ತು ಆಮೇಲಿನ ನಾಡಿಬಡಿತವನ್ನು ಅಳೆದು ಮನೆಗೆ ಕಳಿಸುತ್ತಿದ್ದ. ನಮ್ಮ ಜಿಮ್ಮಿನಲ್ಲಿ ಏಳು ನಿಮಿಷ, ಎಷ್ಟಾದರೆ ಅಷ್ಟು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಬದಲು ಇಡೀ ಪಾತ್ರೆಯ ಅನ್ನವನ್ನು ಒಂದೊಂದಾಗಿ ಹಿಸುಕುವುದಕ್ಕೆ ಬಹುಮಾನವಿಟ್ಟಂತೆ.

ಎದೆ ನೆಲಕ್ಕೆ ತಾಗದಿದ್ದರೆ ‘ನೋ ರೆಪ್’ ಎಂದು ಕೂಗುವುದು ತೀರ್ಪುಗಾರನ ಧರ್ಮ. ಮಾಡಿದ್ದು ಮಾಡಿದಂತಲ್ಲ, ಪಟ್ಟ ಶ್ರಮ ಲೆಕ್ಕಕ್ಕಿಲ್ಲ. ಈ ಎರಡು ಪದಗಳಲ್ಲಿ ಎಂಥ ಅಧಿಕಾರವಿದೆಯೆಂದು ನಾನು ಅಂದೇ ಅರಿತದ್ದು. ಬ್ಯಾಂಕಿನಲ್ಲಿ ಒಂದು ವೋಚರನ್ನು ತಿರಸ್ಕರಿಸಲು ಮೂರು ಪತ್ರ, ಎರಡು ಜ್ಞಾಪನ, ಒಂದು ವಲಯ ಕಚೇರಿ ಬೇಕಾಗುತ್ತಿತ್ತು. ಇಲ್ಲಿ ನೆಲದ ಮೇಲೆ ಬಿದ್ದು ಏದುಸಿರು ಬಿಡುತ್ತಿರುವ ಐಟಿ ಕಂಪನಿಯ ಉಪಾಧ್ಯಕ್ಷನ ಮುಖದ ಮುಂದೆ ಬಗ್ಗಿ, ಅವನ ಬನಿಯನ್ನಿಗೂ ನೆಲಕ್ಕೂ ನಡುವೆ ಬೆಳಕು ಕಂಡಿತೆಂಬ ಒಂದೇ ಕಾರಣಕ್ಕೆ ಅವನ ಶ್ರಮವನ್ನು ರದ್ದು ಮಾಡಬಹುದಿತ್ತು, ಮತ್ತು ಅವನು ಮೇಲ್ಮನವಿ ಸಲ್ಲಿಸದೆ ಮತ್ತೆ ಬೀಳುತ್ತಿದ್ದ. ಬೆಳಗ್ಗೆ 8:14ರ ಲೋಕಲಿನಲ್ಲಿ ನಿತ್ಯವೂ ಒಂದು ಕಾಲಿನ ಮೇಲೆ ನಿಂತು, ಇನ್ನೊಬ್ಬರ ಬ್ಯಾಗನ್ನು ಎದೆಗಪ್ಪಿಕೊಂಡು, ದಾದರಿನಲ್ಲಿ ಇಳಿಯಲು ಕುರ್ಲಾದಿಂದಲೇ ಭುಜ ಕೊಡುವ ಇದೇ ಜನರ ವ್ಯಾಯಾಮವನ್ನು ಇದುವರೆಗೆ ಯಾರೂ ಎಣಿಸಿಲ್ಲವಾದ್ದರಿಂದ ಅದು ನಡೆದೇ ಇಲ್ಲ ಎಂದು ಅವರೂ ನಂಬಿದ್ದಾರೆ.

ಸೋದರಳಿಯನ ಸರದಿ ಬಂತು. ಅವನು ನನ್ನತ್ತ ಒಂದು ಮುಗುಳ್ನಗೆ ಬೀರಿದ. ಅಂಥ ಮುಗುಳ್ನಗೆಗಳನ್ನು ಶಾಖಾ ವ್ಯವಸ್ಥಾಪಕರ ಮುಖದಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಅವನು ಮಾಡಿದ್ದು 90. ನಾನು ಬರೆದದ್ದು 59. ಉಳಿದ 31ರಲ್ಲಿ ಹೊಟ್ಟೆ ತಾಗಿತ್ತು, ಎದೆ ತಾಗಿರಲಿಲ್ಲ.

ಓಟದ ಪಂದ್ಯ ನಡೆದದ್ದು ಟ್ರೆಡ್‌ಮಿಲ್ಲಿನ ಮೇಲೆ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಜೈಲಿನ ಕೈದಿಗಳಿಗಾಗಿ ತುಳಿಯುವ ಚಕ್ರವೊಂದನ್ನು ಮಾಡಿಕೊಟ್ಟ. ಟ್ರೆಡ್‌ಮಿಲ್ ಎಂಬ ಹೆಸರು ಮನೆಮಾತಾದದ್ದು ಆ ಶಿಕ್ಷೆಯಿಂದ. ಕ್ರೂರವೆಂದು ಆಂಗ್ಲರೇ ಅದನ್ನು ಕೈಬಿಟ್ಟರು. ನಾವು ಕಂತಿನಲ್ಲಿ ಕೊಳ್ಳುತ್ತಿದ್ದೇವೆ. ಸ್ಲೆಡ್ಡಿನ ವಿಷಯವಾದರೆ, ಹೈರಾಕ್ಸಿನ ಸಾಮಾನ್ಯ ವಿಭಾಗದಲ್ಲಿ ಪುರುಷರು 152 ಕಿಲೋ ತೂಕವನ್ನು 50 ಮೀಟರ್ ದೂಡಬೇಕೆಂಬ ನಿಯಮವನ್ನು ನಮ್ಮವರೂ ಹಾಗೆಯೇ ಇಟ್ಟುಕೊಂಡಿದ್ದರು, ಆದರೆ ಜಾಗ ಹನ್ನೆರಡೂವರೆ ಮೀಟರ್ ಮಾತ್ರ ಇದ್ದುದರಿಂದ ದೂಡಿದ್ದನ್ನು ತಿರುಗಿ ತಂದು ಮೊದಲಿದ್ದಲ್ಲೇ ಇಡಬೇಕಾಗಿತ್ತು. ಭೀಮಸೇನ ಬಕನಿಗೆಂದು ಬಂಡಿ ಹೊಡೆದಾಗಲೂ ಅದರಲ್ಲಿ ಅನ್ನವಿತ್ತು, ದಾರಿಯಲ್ಲಿ ಊಟವಾಯಿತು, ಕೊನೆಗೆ ಒಬ್ಬ ರಾಕ್ಷಸನಾದರೂ ಸತ್ತ.

ಆದರೆ ನನ್ನ ವೃತ್ತಿಯ ಕಣ್ಣು ಅರಳಿದ್ದು ಅಂಕಪಟ್ಟಿಯಲ್ಲಿ. ಒಲಿಂಪಿಕ್ಸಿನ ಡೆಕಾಥ್ಲಾನಿನಲ್ಲಿ ಎಷ್ಟು ವೇಗ, ಎಷ್ಟು ದೂರ ಎಂಬುದನ್ನು ಕೋಷ್ಟಕದಿಂದ ಅಂಕವಾಗಿಸುತ್ತಾರೆ. ಇಲ್ಲಿ ಕೋಷ್ಟಕದ ಗೊಡವೆಯಿಲ್ಲ: ಮೊದಲನೆಯವನಿಗೆ ಒಂದು, ಎರಡನೆಯವನಿಗೆ ಎರಡು, ಹನ್ನೆರಡನೆಯವನಿಗೆ ಹನ್ನೆರಡು, ಆರೂ ಪಂದ್ಯಗಳನ್ನು ಕೂಡಿದಾಗ ಯಾರದು ಕಡಿಮೆಯೋ ಅವನೇ ಸಮಗ್ರ ಚಾಂಪಿಯನ್. ನನ್ನ ಸೋದರಳಿಯ ನಾಲ್ಕು ಪಂದ್ಯಗಳಲ್ಲಿ ಮೊದಲಿಗ, ವಾಲ್ ಬಾಲ್‌ನಲ್ಲಿ ಒಂಬತ್ತನೆಯವನು, ಬರ್ಪಿಯಲ್ಲಿ ಮಾವನ ಕೃಪೆಯಿಂದ ಹನ್ನೆರಡನೆಯವನು, ಒಟ್ಟು 25. ಆರಕ್ಕೆ ಆರರಲ್ಲೂ ನಾಲ್ಕನೆಯವನಾಗಿ ಬಂದ ಮತ್ತೊಬ್ಬ ಯುವಕನದು 24. ಹೀಗೆ ಯಾವ ಪಂದ್ಯದಲ್ಲೂ ಮೊದಲ ಮೂವರಲ್ಲಿ ಬಾರದ, ಇಡೀ ದಿನ ಯಾರ ಕಣ್ಣಿಗೂ ಬೀಳದ, ಪದಕದ ಮೆಟ್ಟಿಲನ್ನು ದೂರದಿಂದಲೇ ನೋಡಿದ್ದ ಆತ ಸಮಗ್ರ ಚಾಂಪಿಯನ್ ಎಂದು ಘೋಷಿತನಾದಾಗ ಅವನಿಗೇ ನಂಬಿಕೆಯಾಗಲಿಲ್ಲ. ನನಗೆ ಮಾತ್ರ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮುಂಬಯಿಯ ಕನ್ನಡ ಸಂಘಗಳಲ್ಲಿ ಅಧ್ಯಕ್ಷರು ಆಯ್ಕೆಯಾಗುವ ಕ್ರಮವನ್ನು ನಾನು 30 ವರ್ಷಗಳಿಂದ ನೋಡುತ್ತ ಬಂದಿದ್ದೇನೆ.

ಬಹುಮಾನ ವಿತರಣೆ ಒಂದು ಗಂಟೆ ತಡವಾಯಿತು. ಮುಖ್ಯ ಅತಿಥಿಯಾದ ಬಿಲ್ಡರರು ಟ್ರಾಫಿಕ್ಕಿನಲ್ಲಿ ಸಿಲುಕಿದ್ದರು. ಬಂದವರು ಆರೋಗ್ಯವೇ ಭಾಗ್ಯವೆಂದು 20 ನಿಮಿಷ ಮಾತನಾಡಿ ಕುಳಿತಾಗ ಕುರ್ಚಿ ಕಿರ್ರೆಂದಿತು. ಸ್ಪರ್ಧಿಗಳು ಅಷ್ಟೂ ಹೊತ್ತು ನಿಂತೇ ಇದ್ದರು, ಅದಕ್ಕೆ ಅಂಕವಿರಲಿಲ್ಲ.

ಸಂಜೆ ಬಾಡಿಗೆಯ ಸ್ಲೆಡ್ಡು, ತೂಕದ ಬಿಲ್ಲೆಗಳು, ಮರಳಿನ ಚೀಲಗಳು ಟೆಂಪೋ ಸೇರಬೇಕಿತ್ತು. ಚಾಂಪಿಯನ್ನರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾಕಾದಿಂದ ಕರೆತಂದ ಇಬ್ಬರು ಹಮಾಲರು, ಸರಕಿನ ಲಿಫ್ಟಿಗೆ ಭಾನುವಾರದ ರಜೆಯಾದ್ದರಿಂದ, ಎರಡು ಮಹಡಿ ಮೆಟ್ಟಿಲಿಳಿದು ಒಂದೊಂದಾಗಿ ಹೊರತೊಡಗಿದರು. ಮಹಾರಾಷ್ಟ್ರದಲ್ಲಿ ಹೊರೆ ಹೊರುವವರಿಗಾಗಿ ಮಾಥಾಡಿ ಕಾಯ್ದೆ ಬಂದದ್ದು 1969ರಲ್ಲಿ. ಅದರಲ್ಲಿ ಕೂಲಿಯ ಮಾತಿದೆ, ಮೊಣಕಾಲಿನ ಕೋನದ ಮಾತಿಲ್ಲ. ಅವರಲ್ಲಿ ಹಿರಿಯನಾದವನು ಬಿಲ್ಲೆಗಳ ಹೊರೆಯನ್ನು ಮೆಟ್ಟಿಲ ತಿರುವಿನ ಗೋಡೆಗೆ ಆನಿಸಿ ಒಂದು ಕ್ಷಣ ಉಸಿರು ತೆಗೆದುಕೊಂಡ. ಬೆಳಗ್ಗಿನಿಂದ ಕೂಗಿ ಕೂಗಿ ನಾಲಿಗೆಗೆ ಅಂಟಿಹೋಗಿತ್ತೋ ಏನೋ, ಪಕ್ಕದಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗನ ಬಾಯಿಂದ ‘ನೋ ರೆಪ್’ ಎಂದು ಹೊರಬಿತ್ತು. ಹಮಾಲ ಗಾಬರಿಯಿಂದ ಹೊರೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು, ನಮ್ಮಿಬ್ಬರಲ್ಲಿ ಲೆಕ್ಕದವನು ನಾನೇ ಎಂದು ಹೇಗೋ ಗುರುತಿಸಿ, ನನ್ನನ್ನು ಮರಾಠಿಯಲ್ಲಿ ಕೇಳಿದ:

‘ಅದಕ್ಕೆ ಕೂಲಿಯಲ್ಲಿ ಎಷ್ಟು ಕಡಿಯುತ್ತೀರಿ, ಸಾಹೇಬ್ರೇ?’