3253 ಸಿಗದಿದ್ದರೆ ರೇಡಿಯೋ ಮಾಡಬಾರದಾ?

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆದೇ ಬಿಡುತ್ತೇನೆ.

ಸೋಮವಾರಪೇಟೆ ಕಡೆಯ ಡಿಪ್ಲೊಮಾ ಹುಡುಗ, ಈ ಜಡಿಮಳೆಯಲ್ಲಿ ಬಸ್ಸು ಹಿಡಿದು ಮಡಿಕೇರಿಗೆ ಬಂದಿದ್ದ. ಕೈಯಲ್ಲೊಂದು ಡಬ್ಬಿ. ಒಳಗೆ ಎಫ್‌ಎಸ್‌ಟಿ3253, ಅಂದರೆ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳಿರುವ ಚಿಪ್, ಎರಡು ಕಾಲು ಮುರಿದಿದೆ. ಕಾಲಿಂದ ಕಾಲಿಗೆ ಬರೀ 1.27 ಮಿಲಿಮೀಟರ್. ಅವನ ಹತ್ತಿರ ಇರುವುದು ದಪ್ಪ ಮೂತಿಯ ಸೋಲ್ಡರಿಂಗ್ ಐರನ್. "ಅಂಕಲ್, ಬಿಟ್ಬಿಡ್ತೀನಿ, ನನ್ನ ಕೈಲಾಗಲ್ಲ" ಅಂದ. ಎಸ್‌ಡಿಆರ್ ರಿಸೀವರ್, ಅಂದರೆ ಅರ್ಧ ಕೆಲಸ ಕಂಪ್ಯೂಟರ್ ಸಾಫ್ಟ್‌ವೇರ್‌ಗೆ ಬಿಡುವ ರೇಡಿಯೋ, ಮಾಡಬೇಕು ಅಂತ ತಿಂಗಳುಗಟ್ಟಲೆ ಓದಿಕೊಂಡಿದ್ದ ಹುಡುಗ. ತಿಳಿದವರೊಬ್ಬರು ಹೇಳಿದ್ದರಂತೆ, 3253 ಇಲ್ಲದಿದ್ದರೆ ಕೈ ಹಾಕಲೇಬೇಡ ಅಂತ.

ಯಾಕೆ ಹೀಗೆ ಹೇಳುತ್ತೀರಿ? ಅಲ್ಲಿ ಬೇಕಿರುವುದು ನಾಲ್ಕು ಸ್ವಿಚ್. ಆಂಟೆನಾ ಸಿಗ್ನಲನ್ನು ಸರದಿ ಪ್ರಕಾರ ನಾಲ್ಕು ಕೆಪಾಸಿಟರ್‌ಗೆ ಹಂಚಬೇಕು, ಅಷ್ಟೇ. ಆಮೇಲಿನದು ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಮತ್ತು ಕಂಪ್ಯೂಟರಿನ ಸೌಂಡ್ ಕಾರ್ಡ್ ಕೆಲಸ. ಹವ್ಯಾಸಿ ರೇಡಿಯೋದ 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿಗೆ, ನಾಲ್ಕು ಸ್ವಿಚ್ಚಿರುವ 74ಎಚ್‌ಸಿ4066 ಸಾಕು. ಉದ್ದ ಕಾಲಿನ ಚಿಪ್, ಸಾಕೆಟ್‌ಗೆ ಒತ್ತಿದರೆ ಕೂರುತ್ತದೆ, ಸುಟ್ಟರೆ ಇನ್ನೊಂದು ಹಾಕಬಹುದು.

3253 ಒಳ್ಳೆಯದು, ಒಪ್ಪುತ್ತೇನೆ. ಆನ್ ಆದಾಗ ಅದರ ರೆಸಿಸ್ಟೆನ್ಸ್ ಸುಮಾರು 4 ಓಮ್, ಎಚ್‌ಸಿ4066ದ್ದು 50ರ ಹತ್ತಿರ. ಯಾವ ಸ್ವಿಚ್ಚಿನ ಸರದಿ ಅಂತ ಆರಿಸುವ ಡಿಕೋಡರ್ ಕೂಡ ಅದರ ಹೊಟ್ಟೆಯಲ್ಲೇ ಇದೆ. 4066ಗೆ ಸರದಿ ಎಣಿಸುವ 74ಎಸಿ74 ಚಿಪ್ ಜೊತೆ, ಆ ಡಿಕೋಡರ್ ಕೆಲಸಕ್ಕೆ ಒಂದು 74ಎಸಿ08 ಚಿಪ್ ಜಾಸ್ತಿ ಬೇಕು. ಬೇಕಾದರೆ ಏನೀಗ? ಸ್ವಲ್ಪ ಸಿಗ್ನಲ್ ಕಮ್ಮಿಯಾದರೆ ಆಪ್‌ಆಂಪ್ ಗೇನ್ ಏರಿಸಿ. 7 ಮೆಗಾಹರ್ಟ್ಸ್‌ನಲ್ಲಿ ಆಂಟೆನಾದಿಂದ ಬರುವ ಗದ್ದಲವೇ ಸಾಮಾನ್ಯವಾಗಿ ರಿಸೀವರ್ ಗದ್ದಲಕ್ಕಿಂತ ಜಾಸ್ತಿ. ಆ 46 ಓಮ್‌ಗಾಗಿ ಒಬ್ಬ ಹುಡುಗನನ್ನು ಕಳೆದುಕೊಳ್ಳಬೇಕಾ?

ಒಂದು ಎಚ್ಚರಿಕೆ ಮಾತ್ರ ಹೇಳಿಕೊಡಬೇಕು. ಚಿಪ್ ಬೆನ್ನ ಮೇಲೆ 'ಎಚ್‌ಸಿ' ಅಕ್ಷರ ಇದೆಯಾ ನೋಡಿ. ಹಳೇ ಸಿಡಿ4066 ಬೇಡ. 5 ವೋಲ್ಟಿನಲ್ಲಿ ಅದರದ್ದು ನೂರಾರು ಓಮ್, ನಿಧಾನ ಬೇರೆ. 7.1 ಮೆಗಾಹರ್ಟ್ಸ್‌ನಲ್ಲಿ ಒಂದೊಂದು ಸ್ವಿಚ್ಚಿಗೆ ಸಿಗುವುದು 35 ನ್ಯಾನೊಸೆಕೆಂಡ್, ಅಷ್ಟರಲ್ಲಿ ಅದು ತೆರೆದು ಮುಚ್ಚಲಾರದು. ಹಾಗೇ 14 ಮೆಗಾಹರ್ಟ್ಸ್‌ಗೆ ಹೋದರೆ ಸಮಯ ಅರ್ಧಕ್ಕಿಳಿಯುತ್ತದೆ. ಆಗ 3253 ತರಲಿ. ಅಷ್ಟೊತ್ತಿಗೆ ಅವನ ಕೈಯೂ ಪಳಗಿರುತ್ತದೆ, ಅಲ್ವಾ?

ಇಷ್ಟು ಸಿಟ್ಟಿಗೆ ಕಾರಣ ಇದೆ. ಹತ್ತು ವರ್ಷದ ಹಿಂದೆ ವಿರಾಜಪೇಟೆಯಿಂದ ಬಂದ ಒಬ್ಬ ಹುಡುಗನಿಗೆ ನಾನೇ ಇದೇ ಮಾತು ಹೇಳಿದ್ದೆ. "ಸರಿಯಾದ ಚಿಪ್ ತಂದ ಮೇಲೆ ಬಾ" ಅಂದಿದ್ದೆ. ಅವನು ಮತ್ತೆ ಬರಲೇ ಇಲ್ಲ. ಮುಖ ಇನ್ನೂ ನೆನಪಿದೆ.

ಇವತ್ತಿನವನಿಗೆ ನನ್ನ ಡ್ರಾಯರ್‌ನಿಂದ ಎರಡು ಎಚ್‌ಸಿ4066, ಒಂದು 74ಎಸಿ08, ಮೂರು ಸಾಕೆಟ್ ಕೊಟ್ಟೆ. ಚಿಪ್ಪನ್ನು ಬೆಳಕಿಗೆ ಹಿಡಿದು 'ಎಚ್‌ಸಿ' ಅಂತ ತಾನೇ ಓದಿದ. ಐದೂವರೆ ಬಸ್ಸಿಗೆ ಹೋದ. ಭಾನುವಾರ ಬೆಳಗ್ಗೆ ಏನಾದರೂ ಕೇಳಿಸಿದರೆ ಫೋನ್ ಮಾಡುತ್ತಾನಂತೆ.